ಎರಡೇ ಸುತ್ತಿನಲ್ಲಿ ಸಾಯದ ಬಾಸ್

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರಾಭಿನಯದ ಆಟದ ಐದನೇ ಆವೃತ್ತಿಯಲ್ಲಿ ಬಾಸ್ (ಮುಖ್ಯ ಶತ್ರು) ಬೇಗ ಸತ್ತರೆ ಆಟ ನಡೆಸುವ ಅನೇಕರು ಮೊದಲು ಅದರ ಆರ್ಮರ್ ಕ್ಲಾಸ್ (ಎಸಿ, ಏಟು ತಗಲಲು ದಾಳಿ ಮುಟ್ಟಬೇಕಾದ ಸಂಖ್ಯೆ) ಏರಿಸುತ್ತಾರೆ. ಬೇಡ. ದಾಳಿಗೆ 20 ಮುಖದ ದಾಳ ಉರುಳಿಸಿ 7 ಕೂಡಿಸುವ ಆಟಗಾರನಿಗೆ ಎಸಿ 17 ಎದುರು ಏಟು ತಗಲುವ ಸಾಧ್ಯತೆ ಶೇ 55. ಎಸಿ 21 ಆದರೆ ಶೇ 35. ಬರೀ ತಪ್ಪಿದ ಏಟುಗಳು, ಬೇಸರ. ಬದಲಿಗೆ ಹಿಟ್ ಪಾಯಿಂಟ್ (ಜೀವದ ಅಂಕ) ಕೊಡಿ: ತಂಡ ಪ್ರತಿ ಸುತ್ತಿನಲ್ಲಿ 45 ಡ್ಯಾಮೇಜ್ ಮಾಡುವುದಾದರೆ ನಾಲ್ಕು ಸುತ್ತುಗಳಿಗೆ 180.

ನಿಜವಾದ ಅಪಾಯ ಮಂತ್ರಗಳದ್ದು. ಮನುಷ್ಯರೂಪದ ಬಾಸ್‌ಗೆ ಒಂದು ಹೋಲ್ಡ್ ಪರ್ಸನ್ (ಅಲ್ಲಾಡದಂತೆ ಹಿಡಿದಿಡುವ ಮಂತ್ರ) ತಾಗಿತೋ, 5 ಅಡಿಯೊಳಗಿಂದ ಬಿದ್ದ ಏಟೆಲ್ಲ ಕ್ರಿಟಿಕಲ್, ಅಂದರೆ ಡ್ಯಾಮೇಜ್ ದಾಳಗಳು ದುಪ್ಪಟ್ಟು. ಅದಕ್ಕೇ ದಿನಕ್ಕೆ 3 ಲೆಜೆಂಡರಿ ರೆಸಿಸ್ಟೆನ್ಸ್: ಮಂತ್ರ ತಡೆಯಲು ಸೋತರೂ ಬಾಸ್ ಗೆದ್ದಂತೆ ಮಾಡುವ ಶಕ್ತಿ. ಆದರೆ ಪುಕ್ಕಟೆ ಬೇಡ: ಪ್ರತಿ ಬಳಕೆಗೂ ಬಾಸ್‌ನ ಕಿರೀಟದ ಒಂದು ಮಣಿ ಒಡೆಯಲಿ, 15 ಹಿಟ್ ಪಾಯಿಂಟ್ ಹೋಗಲಿ. ಮಂತ್ರ ವ್ಯರ್ಥವಾದರೂ ಇನ್ನೆಷ್ಟು ಮಣಿ ಉಳಿದಿವೆ ಎಂದು ಮಾಂತ್ರಿಕನ ಆಟಗಾರ ಎಣಿಸುತ್ತಾನೆ.