ಅರಳೆಯ ನಡುವೆ ಲ್ಯಾಪ್‌ಟಾಪ್ ಲೆಕ್ಕ

ಹತ್ತಿಯಿಂದ ಬೀಜ ಬೇರ್ಪಡಿಸುವ ರಾಯಚೂರಿನ ಜಿನ್ನಿಂಗ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. 2022ರ ಡಿಸೆಂಬರಿನಲ್ಲಿ, ಹತ್ತಿ ಗಾಡಿಗಳು ರಸ್ತೆಯವರೆಗೆ ಸಾಲುಗಟ್ಟಿದ್ದಾಗ, ಬಿಲ್ಲು ಮಾಡುವ ಲ್ಯಾಪ್‌ಟಾಪ್ ಕೈಕೊಟ್ಟಿತು. ಮನೆಬಳಕೆಯ ಅಗ್ಗದ ಮಾದರಿ, ಆರಿಸಿದವನು ನಾನೇ. ವಾರಂಟಿ ಇತ್ತು, ಆದರೆ ಹೈದರಾಬಾದಿಗೆ ನಾವೇ ಒಯ್ಯಬೇಕಿತ್ತು. ಅದು ಮರಳಿದ್ದು ಹದಿನಾರನೆಯ ದಿನ. ಅಷ್ಟು ದಿನ ರೈತರನ್ನು ಬಿಲ್ಲಿಗಾಗಿ ರಾತ್ರಿಯವರೆಗೆ ಕೂರಿಸಿದ್ದು ಇಂದಿಗೂ ನನ್ನನ್ನು ಚುಚ್ಚುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುವುದಿತ್ತು. ಅದರಲ್ಲೇ ನಡೆಯುತ್ತಿದ್ದ ಹಳೆಯವುಗಳ ಬದಲು ನಾಲ್ಕು ಹೊಸ ಯಂತ್ರ ಬೇಕಾದವು. ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಪ್ರೊಬುಕ್, ಲೆನೊವೊ ಥಿಂಕ್‌ಪ್ಯಾಡ್ ಮೂರಕ್ಕೂ ದರಪಟ್ಟಿ ತರಿಸಿದೆ. ಒಂದರಲ್ಲಿ ಮನೆಬಳಕೆಯ ವಿಂಡೋಸ್ ಹೋಮ್, ಇನ್ನೊಂದರಲ್ಲಿ ಒಂದೇ ವರ್ಷದ ವಾರಂಟಿ, ಮತ್ತೊಂದರಲ್ಲಿ ತೆರಿಗೆ ಸೇರಿಸಿರಲಿಲ್ಲ. ಹೀಗಿದ್ದರೆ ಹೋಲಿಸುವುದು ಹೇಗೆ? ವಿಂಡೋಸ್ ಪ್ರೊ, 16 ಜಿಬಿ ಮೆಮೊರಿ, ಸ್ಥಳಕ್ಕೇ ಬಂದು ದುರಸ್ತಿ ಮಾಡುವ ಮೂರು ವರ್ಷದ ವಾರಂಟಿ, ಜಿಎಸ್‌ಟಿ ಬಿಟ್ಟ ದರ ಎಂದು ಬರೆದು ಮತ್ತೆ ಕೇಳಿದೆ. ಮೊದಲ ಸುತ್ತಿನಲ್ಲಿ ಅಗ್ಗವಾಗಿದ್ದದ್ದೇ ಈಗ ಎಲ್ಲಕ್ಕಿಂತ ದುಬಾರಿಯಾಯಿತು. 18% ಜಿಎಸ್‌ಟಿ ನಮಗೆ ಹೂಡುವಳಿ ತೆರಿಗೆ ಜಮೆಯಾಗಿ (ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಮೊತ್ತವಾಗಿ) ಮರಳುತ್ತದೆ, ಬಿಲ್ಲಿನಲ್ಲಿ ಮಿಲ್ಲಿನ ಜಿಎಸ್‌ಟಿ ಸಂಖ್ಯೆ ಇರಲೇಬೇಕು. ಆದಾಯ ತೆರಿಗೆ ಲೆಕ್ಕದಲ್ಲಿ ಯಂತ್ರದ ಬೆಲೆಯಿಂದ ವರ್ಷಕ್ಕೆ ಕಳೆಯಬಹುದಾದ 40% ಸವಕಳಿ ಯಾವ ಬ್ರ್ಯಾಂಡಿಗೂ ಒಂದೇ. ಸೆಪ್ಟೆಂಬರಿನೊಳಗೇ ಬಳಸತೊಡಗಿದರೆ ಮೊದಲ ವರ್ಷವೇ ಆ 40% ಪೂರ್ತಿ ಸಿಗುತ್ತದೆ, 180 ದಿನಕ್ಕಿಂತ ಕಡಿಮೆ ಬಳಸಿದರೆ ಅರ್ಧ.

ನಾನು ಹೆಚ್ಚು ದಿನ ಕಳೆದದ್ದು ಬೇರೆ ಎರಡು ಪ್ರಶ್ನೆಗಳ ಮೇಲೆ. ಮೊದಲನೆಯದು, 584101 ಪಿನ್‌ಕೋಡಿಗೆ ತಂತ್ರಜ್ಞರು ಎಷ್ಟು ದಿನದಲ್ಲಿ ಬರುತ್ತಾರೆ? ಬಾಯಿಮಾತಿನ ಉತ್ತರ ಒಪ್ಪಲಿಲ್ಲ, ಬರೆಸಿಕೊಂಡೆ. ಎರಡನೆಯದು ಅರಳೆ. ಅದರ ಸಣ್ಣ ಎಳೆಗಳು ಫ್ಯಾನಿಗೆ ಸುತ್ತಿಕೊಂಡರೆ, ರಾಯಚೂರಿನ ಬಿಸಿಲಿನಲ್ಲಿ ಯಂತ್ರ ಕುದಿಯುತ್ತದೆ. ಮೂರೂ ಕಂಪನಿಗಳು ದುರಸ್ತಿ ಕೈಪಿಡಿಯನ್ನು ಉಚಿತವಾಗಿ ಕೊಡುತ್ತವೆ. ಹಿಂಬದಿ ಮುಚ್ಚಳ ತೆಗೆದರೆ ಫ್ಯಾನ್ ಕೈಗೆ ಸಿಗುತ್ತದೆಯೇ, ಮೆಮೊರಿ ಬದಲಿಸಬಹುದೇ ಅಥವಾ ಬೆಸೆದುಬಿಟ್ಟಿದ್ದಾರೆಯೇ ಎಂದು ಒಂದೊಂದು ಮಾದರಿಯನ್ನೂ ನೋಡಿದೆ. ಫ್ಯಾನೇ ಇಲ್ಲದ ಮ್ಯಾಕ್‌ಬುಕ್ ಏರ್ ನಮ್ಮ ಜಾಗಕ್ಕೆ ಹೇಳಿ ಮಾಡಿಸಿದಂತಿತ್ತು, ಆದರೆ ನಾವು ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶಕ್ಕೆ ವಿಂಡೋಸ್ ಬೇಕು.

ಕೊನೆಗೆ ಸಾಹುಕಾರರ ಮುಂದೆ ಒಂದೇ ಹಾಳೆ ಇಟ್ಟೆ. ಹಳೆಯದಕ್ಕೆ ₹40,000, ದುರಸ್ತಿ ಮತ್ತು ಬ್ಯಾಟರಿಗೆ ₹11,000. ಮೂರು ವರ್ಷಕ್ಕೆ ಮಾರಿದಾಗ ಬಂದದ್ದು ₹6,000. ಅಂದರೆ ತಿಂಗಳಿಗೆ ₹1,250. ಆರಿಸಿದ ಹೊಸದಕ್ಕೆ ₹62,000, ನಾಲ್ಕನೆಯ ವರ್ಷದ ಬ್ಯಾಟರಿಗೆ ₹4,000. ನಾಲ್ಕು ವರ್ಷಕ್ಕೆ ಮಾರಿದರೆ ₹14,000 ಬರಬಹುದೆಂದು ಹಿಡಿದೆ. ತಿಂಗಳಿಗೆ ಸುಮಾರು ₹1,083.

“ಆ ಹದಿನಾರು ದಿನದ್ದು ಎಲ್ಲಿ ಬರೆದಿದ್ದೀರಿ?” ಎಂದು ಸಾಹುಕಾರರು ಕೇಳಿದರು. ಅದಕ್ಕೆ ಅಂಕಿ ಹೊಂದಿಸಲಾಗದೆ ಆ ಕಾಲಂ ಖಾಲಿ ಬಿಟ್ಟಿದ್ದೆ. ಅವರು ಅದರ ಪಕ್ಕದಲ್ಲೇ ಸಹಿ ಹಾಕಿದರು.