ಉಪ್ಪಿನ ಪ್ಯಾಕೆಟ್ಟಿನ ಮೇಲೊಂದು ದಿನಾಂಕ: ಮನೆಯಲ್ಲೇ ರಕ್ತದೊತ್ತಡದ ಲೆಕ್ಕ ಇಡುವ ಬಗೆ

ತಲೆ ಸುತ್ತಿದರೆ, ತಲೆ ನೋವಾದರೆ, ಸಿಟ್ಟು ಹೆಚ್ಚಾದರೆ ‘ಬಿ.ಪಿ. ಏರಿರಬೇಕು’ ಎನ್ನುವುದು ನಮ್ಮಲ್ಲಿ ರೂಢಿ. ಇವು ಯಾವುವೂ ಇಲ್ಲದಿದ್ದರೆ ಬಿ.ಪಿ. ಇಲ್ಲವೆಂದೇ ನಂಬುತ್ತೇವೆ. ಆದರೆ ಹೆಚ್ಚಿನವರಲ್ಲಿ ಅಧಿಕ ರಕ್ತದೊತ್ತಡವು ಯಾವ ಸೂಚನೆಯನ್ನೂ ಕೊಡದೆ ವರ್ಷಗಟ್ಟಲೆ ಮೈಯಲ್ಲಿದ್ದು, ಕೊನೆಗೆ ಪಾರ್ಶ್ವವಾಯುವಾಗಿಯೋ ಹೃದಯಾಘಾತವಾಗಿಯೋ ಮೂತ್ರಪಿಂಡದ ತೊಂದರೆಯಾಗಿಯೋ ಹೊರಬೀಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಅಂದಾಜಿನಂತೆ ನಮ್ಮಲ್ಲಿ 31.5 ಕೋಟಿ ಜನರಿಗೆ ಅಧಿಕ ರಕ್ತದೊತ್ತಡವೂ 10.1 ಕೋಟಿ ಜನರಿಗೆ ಮಧುಮೇಹವೂ ಇವೆ. ಮೈ ಹೇಳದ ಈ ಸಂಗತಿಯನ್ನು ಅಳತೆಯೊಂದೇ ಹೇಳಬಲ್ಲದು. ಅದಕ್ಕೆ ಬೇಕಾದ ವ್ಯವಸ್ಥೆಯನ್ನು ಪ್ರತಿ ಮನೆಯೂ ತಾನೇ ಮಾಡಿಕೊಳ್ಳಬಹುದು.

ಮೊದಲ ಅಳತೆಗೆ ಹಣ ಬೇಕಿಲ್ಲ. 30 ವರ್ಷ ದಾಟಿದವರೆಲ್ಲರಿಗೂ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡುತ್ತಾರೆ. ನಗರಗಳಲ್ಲಿ ‘ನಮ್ಮ ಕ್ಲಿನಿಕ್’ಗಳೂ ಇವೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ದಿನ, ಎಲ್ಲಿಗೆ ಹೋಗಬೇಕೆಂಬುದನ್ನು ತಿಳಿಸುತ್ತಾರೆ. ತಂದೆ ಅಥವಾ ತಾಯಿಗೆ ಬಿ.ಪಿ. ಇದ್ದವರು 30ರವರೆಗೂ ಕಾಯಬಾರದು.

ಮನೆಯಲ್ಲಿ ಒಬ್ಬರಿಗಾದರೂ ಬಿ.ಪಿ. ಇದೆಯೆಂದು ಗೊತ್ತಾದರೆ ಯಂತ್ರವೊಂದನ್ನು ಕೊಳ್ಳುವುದು ಒಳ್ಳೆಯದು. ಮಣಿಕಟ್ಟಿಗೆ ಕಟ್ಟುವ ಯಂತ್ರಕ್ಕಿಂತ ತೋಳಿಗೆ ಪಟ್ಟಿ ಸುತ್ತುವ ಯಂತ್ರವೇ ಹೆಚ್ಚು ನಂಬಲರ್ಹ. ಪಟ್ಟಿ ತೋಳಿನ ಗಾತ್ರಕ್ಕೆ ಹೊಂದಬೇಕು; ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಒತ್ತಡ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಅಳೆಯುವ ಮೊದಲಿನ ಅರ್ಧ ಗಂಟೆ ಕಾಫಿ, ಚಹಾ, ಬೀಡಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕುಳಿತು, ಪಾದಗಳೆರಡನ್ನೂ ನೆಲಕ್ಕೆ ಊರಿ, ಕಾಲಿನ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನಿರಬೇಕು. ಕೈಯನ್ನು ಮೇಜಿನ ಮೇಲಿಟ್ಟು ತೋಳು ಎದೆಯ ಮಟ್ಟಕ್ಕೆ ಬರುವಂತೆ ನೋಡಿಕೊಂಡು, ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಕ್ಕೆ, ಬಟ್ಟೆಯ ಮೇಲಲ್ಲದೆ ಬರಿ ತೋಳಿಗೇ ಪಟ್ಟಿ ಕಟ್ಟಬೇಕು. ಯಂತ್ರ ನಡೆಯುವಾಗ ಮಾತು ಬೇಡ. ನಮ್ಮ ಮನೆಗಳಲ್ಲಿ ಪಾಲಿಸಲು ಅತ್ಯಂತ ಕಷ್ಟವಾದ ನಿಯಮ ಇದೇ, ಏಕೆಂದರೆ ಅಜ್ಜನ ಬಿ.ಪಿ. ನೋಡುವ ಹೊತ್ತಿಗೆ ಎಲ್ಲರೂ ಸುತ್ತ ನೆರೆದು ಅವರನ್ನು ಮಾತಿಗೆಳೆಯುತ್ತಾರೆ. ಒಂದು ನಿಮಿಷ ಬಿಟ್ಟು ಎರಡನೆಯ ಬಾರಿ ಅಳೆದು ಎರಡನ್ನೂ ಬರೆದಿಡಬೇಕು. ಮೊದಲ ದಿನ ಎರಡೂ ತೋಳುಗಳಲ್ಲಿ ನೋಡಿ, ಯಾವುದರಲ್ಲಿ ಹೆಚ್ಚು ಬರುತ್ತದೆಯೋ ಮುಂದೆ ಅದರಲ್ಲೇ ಅಳೆಯುವುದು ಕ್ರಮ.

ಒಂದೇ ಅಳತೆ ನೋಡಿ ಗಾಬರಿಯಾಗುವುದೂ ನಿಶ್ಚಿಂತರಾಗುವುದೂ ತಪ್ಪು. ಏಳು ದಿನ, ಬೆಳಗ್ಗೆ ಮಾತ್ರೆ ನುಂಗುವ ಮೊದಲೊಮ್ಮೆ ಮತ್ತು ಸಂಜೆಯೊಮ್ಮೆ ಅಳೆದು, ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಬೇಕು. ಆ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬರೆದಿಟ್ಟ ಹಾಳೆಯೊಂದಿಗೆ ವೈದ್ಯರಲ್ಲಿಗೆ ಹೋಗಬೇಕು. ಆಸ್ಪತ್ರೆಯಲ್ಲಿ ಅಳೆದಾಗ ಇದೇ ಮಿತಿ 140/90. ಒತ್ತಡ 180/120 ದಾಟಿದ್ದು, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಬಾಯಿ ಸೊಟ್ಟಗಾಗುವುದು, ಕೈಕಾಲಿನ ಬಲ ಕುಂದುವುದು ಅಥವಾ ಮಾತು ತೊದಲುವುದು ಕಂಡರೆ ಮತ್ತೆ ಅಳೆಯುತ್ತ ಕೂರದೆ ತಕ್ಷಣ 108ಕ್ಕೆ ಕರೆ ಮಾಡಬೇಕು. ಅಂಕಿಗಳನ್ನು ಬರೆಯಲು ಹೊಸ ಪುಸ್ತಕವೇ ಬೇಕೆಂದಿಲ್ಲ. ಹಾಲಿನ ಲೆಕ್ಕ ಗುರುತು ಹಾಕುವ ಗೋಡೆಯ ಕ್ಯಾಲೆಂಡರ್ ಸಾಕು. ಎಲ್ಲರ ಕಣ್ಣಿಗೂ ಬೀಳುವುದರಿಂದ ಅದೇ ಮೇಲೆಂದು ನನ್ನ ಅನಿಸಿಕೆ.

ಇನ್ನು ಅಡುಗೆಮನೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರೊಬ್ಬರು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ತಿನ್ನಬೇಕು. ಸಾರು, ಹುಳಿ, ಪಲ್ಯಗಳಿಗೆ ಕೈ ಅಳತೆಯಲ್ಲಿ ಉಪ್ಪು ಹಾಕುವ ನಮಗೆ ಈ ಚಮಚದ ಲೆಕ್ಕ ಹಿಡಿತಕ್ಕೆ ಸಿಗುವುದಿಲ್ಲ. ಆದ್ದರಿಂದ ಹೊಸ ಉಪ್ಪಿನ ಪ್ಯಾಕೆಟ್ ಒಡೆದ ದಿನವೇ ಅದರ ಮೇಲೆ ಪೆನ್ನಿನಿಂದ ದಿನಾಂಕ ಬರೆಯಿರಿ. ಮನೆಯಲ್ಲೇ ಊಟ ಮಾಡುವ ನಾಲ್ವರು ವಯಸ್ಕರಿಗೆ ದಿನಕ್ಕೆ 20 ಗ್ರಾಂ ಎಂದರೂ ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. ಅದು 25 ದಿನಕ್ಕೇ ಮುಗಿದರೆ ಮಿತಿಯ ಎರಡರಷ್ಟು ಉಪ್ಪು ಬಳಕೆಯಾಗುತ್ತಿದೆ ಎಂದರ್ಥ. ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಖಾರದ ಕುರುಕಲು, ಬೇಕರಿ ತಿನಿಸುಗಳಿಂದ ಬರುವ ಉಪ್ಪು ಈ ಲೆಕ್ಕದ ಹೊರಗಿದೆ. ಹಾಗಾಗಿ ಪ್ಯಾಕೆಟ್ 50 ದಿನಕ್ಕಿಂತಲೂ ಹೆಚ್ಚು ಬಂದರೇ ಸರಿ. ಒಮ್ಮೆಲೇ ಅರ್ಧಕ್ಕಿಳಿಸಿದರೆ ಊಟ ಯಾರಿಗೂ ಸೇರುವುದಿಲ್ಲ. ವಾರವಾರಕ್ಕೂ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ, ನಿಂಬೆಹುಳಿ, ಕೊತ್ತಂಬರಿ, ಬೆಳ್ಳುಳ್ಳಿ ಒಗ್ಗರಣೆಗಳಿಂದ ರುಚಿ ತುಂಬಿದರೆ ನಾಲಗೆ ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಮೊಸರನ್ನಕ್ಕೆ, ಮಜ್ಜಿಗೆಗೆ ಮೇಲುಪ್ಪು ಉದುರಿಸುವುದನ್ನು ಮೊದಲು ನಿಲ್ಲಿಸಿ. ಸೈಂಧವ ಲವಣವಾದರೆ ತೊಂದರೆಯಿಲ್ಲ ಎಂಬ ಮಾತು ನಿಜವಲ್ಲ. ಅದರಲ್ಲಿರುವುದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಸೋಡಿಯಂ ಕಡಿಮೆಯಿರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ಕಾಯಿಲೆಯವರೂ, ಬಿ.ಪಿ.ಗೆ ಮಾತ್ರೆ ನುಂಗುತ್ತಿರುವವರೂ ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ಮಾತ್ರೆ ಶುರುವಾದ ಮೇಲೆ ಜನ ಎಡವುವುದು ಒಂದೇ ಕಡೆ. ಎರಡು ತಿಂಗಳು ಕಳೆದು ಅಳತೆ 120/80 ಬಂದೊಡನೆ ‘ವಾಸಿಯಾಯಿತು’ ಎಂದು ಮಾತ್ರೆ ಬಿಡುತ್ತಾರೆ. ಆ ಅಂಕಿ ಬಂದದ್ದು ಮಾತ್ರೆಯಿಂದಲೇ. ಬಿಟ್ಟರೆ ಒತ್ತಡ ಮತ್ತೆ ಸದ್ದಿಲ್ಲದೆ ಏರುತ್ತದೆ. ಪ್ರಮಾಣ ಇಳಿಸಬಹುದೇ ಎಂಬುದನ್ನು ನಿಮ್ಮ ಕ್ಯಾಲೆಂಡರಿನ ಅಂಕಿಗಳನ್ನು ನೋಡಿ ವೈದ್ಯರೇ ಹೇಳಬೇಕು. ಮಾತ್ರೆ ಮುಗಿಯುವ ದಿನಕ್ಕಿಂತ ಒಂದು ವಾರ ಮೊದಲೇ ಅದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಹಬ್ಬಕ್ಕೋ ಮದುವೆಗೋ ಊರಿಗೆ ಹೊರಟಾಗ ಮಾತ್ರೆ ತಪ್ಪುವುದೇ ಹೆಚ್ಚು.

ರಕ್ತದೊತ್ತಡ ಇದ್ದವರು ಸಕ್ಕರೆಯನ್ನೂ ನೋಡಿಸಿಕೊಳ್ಳಬೇಕು: ಖಾಲಿ ಹೊಟ್ಟೆಯಲ್ಲಿ 126 ಮಿಲಿಗ್ರಾಂ ಅಥವಾ ಹೆಚ್ಚು ಬಂದರೆ ಮತ್ತೊಂದು ಪರೀಕ್ಷೆಯಿಂದ ಮಧುಮೇಹವನ್ನು ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರದಿರುವುದು ಮೇಲು. ವಾರದಲ್ಲಿ ಐದು ದಿನ ಅರ್ಧ ಗಂಟೆ ಚುರುಕಾಗಿ ನಡೆಯಬೇಕು. ತಂಬಾಕು ಬಿಡಲು ನೆರವು ಬೇಕಾದವರಿಗೆ 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಯಿದೆ.

ಇದನ್ನು ನೆರೆಹೊರೆಗೆ ಮುಟ್ಟಿಸಲು ಬಯಸುವವರು ಭಾಷಣದಿಂದ ಆರಂಭಿಸದಿರುವುದು ಒಳ್ಳೆಯದು. ಒಂದು ದಿನದ ಶಿಬಿರ ನಡೆಸಿ, ಬಿ.ಪಿ. ನೋಡಿ, ಚೀಟಿ ಕೊಟ್ಟು ಕಳಿಸಿದರೆ ಆ ಚೀಟಿ ಹೆಚ್ಚಾಗಿ ಪರ್ಸಿನಲ್ಲೇ ಉಳಿದುಬಿಡುತ್ತದೆ. ಸ್ತ್ರೀಶಕ್ತಿ ಸಂಘದ ವಾರದ ಸಭೆಯಂತಹ, ಅದೇ ಜನ ಮತ್ತೆ ಮತ್ತೆ ಸೇರುವ ಜಾಗವನ್ನು ಆರಿಸಿಕೊಳ್ಳಿ. ಮೊದಲ ವಾರ ಎಲ್ಲರೂ ಉಪ್ಪಿನ ಪ್ಯಾಕೆಟ್ಟಿಗೆ ದಿನಾಂಕ ಬರೆಯಲಿ. ಎರಡನೆಯ ವಾರ ಆಶಾ ಕಾರ್ಯಕರ್ತೆಯನ್ನು ಕರೆದು ಎಲ್ಲರ ಅಳತೆ ಆಗಲಿ. ಅಂಕಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದದೆ ಅವರವರಿಗೆ ಮಾತ್ರ ಬರೆದುಕೊಡಿ. ಒತ್ತಡ ಹೆಚ್ಚಿದ್ದವರು ಆರೋಗ್ಯ ಕೇಂದ್ರಕ್ಕೆ ಹೋಗಿ ಬಂದರೇ ಎಂದು ಮೂರನೆಯ ವಾರ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ವಿಚಾರಿಸಿ. ಹೋಗಿಲ್ಲವೆಂದರೆ ದಿನ ಗೊತ್ತುಮಾಡಿ ನೀವೇ ಜೊತೆಯಲ್ಲಿ ಹೋಗಿ.