ಬೌಲಿಂಗ್ ಮುಗಿಸಿ ಬಂದು ಬ್ಯಾಟ್ ಹಿಡಿದ ಕಥೆ

"ಎರಡು ದೋಣ್ಯಾಗ ಕಾಲಿಡಬ್ಯಾಡಲೇ, ಬೌಲಿಂಗ್ ಅಷ್ಟ ನೋಡ್ಕೋ" ಅಂತ, ಬ್ಯಾಟಿಂಗೂ ಕಲಿಯುತ್ತೇನೆ ಎಂದ ನನಗೆ ಕ್ಲಬ್‌ನ ಹಿರಿಯರು ಹೇಳಿ ನಾಲ್ಕು ವರ್ಷವಾಯಿತು. ಆಗ ನನಗೆ 27. ಎಡಗೈ ಸ್ಪಿನ್, ಬ್ಯಾಟಿಂಗ್‌ಗೆ ಒಂಬತ್ತನೇ ನಂಬರ್. ಹೋದ ಸೀಸನ್‌ನಲ್ಲಿ ಧಾರವಾಡ ವಲಯದ ಲೀಗ್‌ನಲ್ಲಿ ಏಳನೇ ನಂಬರಿಗೆ ಇಳಿದು 300ರ ಮೇಲೆ ರನ್ ಹೊಡೆದೆ, ವಿಕೆಟ್ 22 ಅಥವಾ 23. ಅಂದು ನಕ್ಕವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ.

ತಲೆಯಲ್ಲಿದ್ದವರು ಭಾರತಕ್ಕೆ ಆಡಿದ ಎಡಗೈ ಸ್ಪಿನ್ನರ್, ಗದಗಿನ ಸುನಿಲ್ ಜೋಶಿ. ಪ್ರಾಕ್ಟೀಸಿಗೆ ಹುಬ್ಬಳ್ಳಿಗೆ ಓಡಾಡಿ ಬೆಳೆದವರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, ಅದರಲ್ಲಿ ರನ್ನೇ ಕೊಡದ (ಮೇಡನ್) ಓವರ್ 6, 6 ರನ್, 5 ವಿಕೆಟ್. ಅದು ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. ನನ್ನ ಕಣ್ಣು ಬಿದ್ದದ್ದು 2000ದ ಢಾಕಾ ಟೆಸ್ಟಿನ ಮೇಲೆ. 40 ಓವರ್ ದಾಟಿ ಬೌಲ್ ಮಾಡಿ 5 ವಿಕೆಟ್ ತೆಗೆದವರು ಅದೇ ಕಾಲಲ್ಲಿ ಹೋಗಿ 92 ಹೊಡೆದರು. ಆಮೇಲೆ ಮತ್ತೆ 3 ವಿಕೆಟ್. 1995-96ರ ರಣಜಿಯಲ್ಲೂ 500 ರನ್, 50 ವಿಕೆಟ್ ಎರಡನ್ನೂ ದಾಟಿದ್ದರು. ನಾವೋ, ನೆಟ್ಸ್‌ನಲ್ಲಿ ಮೈ ದಣಿಯುವ ಮೊದಲೇ ಬ್ಯಾಟಿಂಗ್ ಮುಗಿಸಿ, ಆಮೇಲೆ ಬಾಲ್ ಹಿಡಿಯುವವರು. ಅದನ್ನು ತಿರುಗಿಸಿದೆ: ಮೊದಲು 8 ಓವರ್ ಬೌಲಿಂಗ್, ಹತ್ತು ನಿಮಿಷದಲ್ಲಿ ಪ್ಯಾಡ್.

ಮೊದಲ ಸೀಸನ್ ಪೂರ್ತಿ ಮಣ್ಣು ಮುಕ್ಕಿದೆ. ಮೂರು ಸೊನ್ನೆ, ತೊಡೆಸಂದಿ ಹಿಡಿದುಕೊಂಡು ಐದು ವಾರ ಮನೆಯಲ್ಲಿ. ಅದರ ನಡುವೆ 14 ಸಾವಿರ ಕೊಟ್ಟು ಇಂಗ್ಲಿಷ್ ವಿಲ್ಲೋ ಬ್ಯಾಟ್ ತಂದೆ. ಹೊಸ ಬ್ಯಾಟನ್ನು ಮೆಲ್ಲಗೆ ಬಡಿದು ಹದ ಮಾಡುವ ನಾಕಿಂಗ್ ಸರಿಯಾಗಿ ಮಾಡುವ ತಾಳ್ಮೆ ಇರಲಿಲ್ಲ. ಮ್ಯಾಟ್ ಮೇಲೆ, ಅಗ್ಗದ ಗಟ್ಟಿ ಬಾಲಿನಲ್ಲಿ ಆಡಿ ಇಪ್ಪತ್ತು ದಿನಕ್ಕೆ ಬ್ಯಾಟಿನ ಕೆಳತುದಿ (ಟೋ) ಒಡೆಯಿತು. ಹೆಂಡತಿಗೆ ಹೇಳಿದ ಬೆಲೆ ನಾಲ್ಕು ಸಾವಿರ, ಅದಕ್ಕೇ ಜೋರಾಗಿ ಅಳುವುದಕ್ಕೂ ಆಗಲಿಲ್ಲ. ಈಗ ನೆಟ್ಸ್‌ಗೆ ಅಗ್ಗದ ಕಾಶ್ಮೀರ್ ವಿಲ್ಲೋನೇ.

ದಾರಿ ತೋರಿಸಿದ್ದು ಸ್ಕೋರ್‌ಬುಕ್. ಒಂದು ಮಳೆಗಾಲದ ಸಂಜೆ ಕ್ಲಬ್‌ನ ಹಳೇ ಪುಸ್ತಕ ತೆಗೆದು ನನ್ನ ಒಂದೊಂದು ಇನ್ನಿಂಗ್ಸ್‌ನಲ್ಲಿ ಎಷ್ಟು ಬಾಲ್ ಆಡಿದೆ ಅಂತ ಎಣಿಸಿದೆ. 14ರಲ್ಲಿ 9 ಸಲ ಮೊದಲ 12 ಬಾಲ್ ಒಳಗೇ ಔಟ್, ಬಹುತೇಕ ಎಲ್‌ಬಿ, ಅಂದರೆ ವಿಕೆಟ್‌ಗೆ ಹೋಗುವ ಬಾಲ್ ಕಾಲಿಗೆ ಬಡಿದು. ದಣಿದಾಗ ಮುಂದಿನ ಕಾಲು ಸುಮ್ಮನೆ ದೊಪ್ಪೆಂದು ಮುಂದೆ ಬೀಳುತ್ತಿತ್ತು, ಬ್ಯಾಟ್ ಅದನ್ನು ಸುತ್ತಿಕೊಂಡು ಬರಬೇಕಿತ್ತು. ಅಲ್ಲಿಂದ 12 ಬಾಲ್ ಮಾತ್ರ ಅಭ್ಯಾಸ. ಸೈಡ್‌ಆರ್ಮ್ ಎಂಬ ಉದ್ದ ಹಿಡಿಯ ಸಾಧನದಿಂದ ಬಾಲ್ ಎಸೆಯಲು ಒಬ್ಬ ಹುಡುಗ, ದಿನಕ್ಕೆ 100 ರೂಪಾಯಿ. ಎರಡೇ ಹೊಡೆತಕ್ಕೆ ಅನುಮತಿ. ಔಟಾದರೆ ಬ್ಯಾಟ್ ಕೆಳಗಿಟ್ಟು ಇನ್ನೊಂದು ಓವರ್ ಬೌಲಿಂಗ್, ಮತ್ತೆ ಒಂದನೇ ಬಾಲಿನಿಂದ. ಕೆಲವು ದಿನ ಕತ್ತಲಾದರೂ 12 ಮುಟ್ಟಲಿಲ್ಲ. ಸುಮಾರು ಎರಡು ತಿಂಗಳಾದ ಮೇಲೆ ಕಾಲು ತಾನಾಗಿ ಸುಮ್ಮನಾಯಿತು. ಆ ಎರಡು ಹೊಡೆತ ಯಾವುವು ಅಂತ ಕೇಳಬೇಡಿ, ಮುಂದಿನ ಸೀಸನ್ ನಿಮ್ಮ ಟೀಮಿನ ಮೇಲೇ ಆಡಬೇಕು.

ನಡುವೆ ಒಂದು ಹುಚ್ಚಾಟವೂ ಆಯಿತು. ಬೆರಳಿಗೆ ಬಲ ಬರಲಿ ಅಂತ ಬಾಲನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ ಭಾರ ಮಾಡಿ ಎಸೆದೆ. ತಿರುವು ಹೆಚ್ಚಾಗಲಿಲ್ಲ. ಒಣ ಬಾಲ್ ಕೈಗೆ ಬಂದಾಗ ಲೆಂಗ್ತ್ ಪೂರ್ತಿ ಹೋಗಿ, ಒಂದೇ ಪಂದ್ಯದಲ್ಲಿ ಐದು ಫುಲ್‌ಟಾಸ್. ತೋರುಬೆರಳ ಚರ್ಮವೂ ಬಿರುಕು ಬಿಟ್ಟಿತು. ಯಾರೂ ಮಾಡಬೇಡಿ.

ಬ್ಯಾಟು, ಶೂ, ಹುಡುಗನ ಕೂಲಿ, ಫಿಸಿಯೋ ಎಲ್ಲ ಸೇರಿ ನಾಲ್ಕು ವರ್ಷಕ್ಕೆ 60 ಸಾವಿರದ ಹತ್ತಿರ ಕೈಬಿಟ್ಟಿದೆ. ಲೀಗ್‌ನಿಂದ ಬಂದದ್ದು ಒಂದು ಮ್ಯಾನ್ ಆಫ್ ದ ಮ್ಯಾಚ್ ಟ್ರೋಫಿ, ಅದರ ಹಿಡಿಕೆಯೂ ಸಡಿಲ.

ಮೊದಲು ಬ್ಯಾಟ್ ಮಾಡಿ ಆಮೇಲೆ ಬೌಲ್ ಮಾಡುವ ದಿನ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಮೂವತ್ತು ನಲವತ್ತು ಹೊಡೆದು ಬಂದರೆ ಮೊದಲ ಓವರ್ ಹತ್ತು ಹನ್ನೆರಡಕ್ಕೆ ಹೋಗುತ್ತದೆ. ಈಗ ಪ್ಯಾಡ್ ಕಟ್ಟಿಕೊಂಡೇ ಹನ್ನೆರಡು ಸಲ ಎರಡೆರಡು ರನ್ ಓಡಿ, ಬಿಚ್ಚಿದ ಕೂಡಲೇ ಬಾಲ್ ಹಿಡಿಯುತ್ತಿದ್ದೇನೆ. ಎರಡು ವಾರವಾಯಿತು, ಸದ್ಯಕ್ಕೆ ನೋಯುತ್ತಿರುವುದು ಮೊಣಕಾಲು ಮಾತ್ರ.